ಪೆರ್ಲದ ತೋಟದ ಮನೆಯಲ್ಲಿ ವೈಫೈ ಸರಿಮಾಡಿದ ಅನುಭವ

ಮನೆಗೆ ಸ್ಮಾರ್ಟ್ ಬಲ್ಬು, ಕ್ಯಾಮೆರಾ, ಪಂಪ್ ಕಂಟ್ರೋಲರ್ ಎಲ್ಲ ಹಾಕಿಸಿ, ಅವು ಬೇಕಾದ ಹೊತ್ತಿಗೇ ‘ಆಫ್‌ಲೈನ್’ ಆಗಿ ತಲೆ ಕೆಟ್ಟವರು ಇದ್ದರೆ ಇದನ್ನು ಓದಿ. ನಮ್ಮಲ್ಲಿ ಬೇಸಿಗೆಯಲ್ಲಿ ಶುರುವಾದ ತಾಪತ್ರಯ ಮಳೆಗಾಲ ಪೂರ್ತಿ ಕಾಡಿ ಈಗಷ್ಟೇ ಮುಗಿದಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ವೈಫೈ ಸರಿಯಿಲ್ಲ’ ಎಂದು ನಾವು ಹೇಳುವುದು ಒಂದೇ ತೊಂದರೆ ಅಲ್ಲ. ನಮ್ಮ ಮನೆಯಲ್ಲಿ ಅದರ ಅಡಿಯಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆಗಳಿದ್ದವು, ಒಂದು ಸರಿಯಾದ ಮೇಲೆಯೇ ಇನ್ನೊಂದು ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಅಳೆದು ನೋಡುವ ಮೊದಲು ಯಾವ ಹೊಸ ಸಾಮಾನನ್ನೂ ಕೊಳ್ಳಬೇಡಿ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ ಉಂಟು. ದಪ್ಪ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮೇಲೆ ಟೆರೇಸ್, ಅದು ಸೋರದಿರಲೆಂದು ಮೇಲೊಂದು ತಗಡಿನ ಶೀಟು. ಕೆಳಗೆ ಅಡಿಕೆ ತೋಟ, ತೋಟದ ತುದಿಯಲ್ಲಿ ಕೆರೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಆ ಕೆರೆಗೆ ಬಂದು ಬೀಳುತ್ತದೆ. ತೋಟಕ್ಕೂ ಮನೆಯ ಟಾಂಕಿಗೂ ಅಲ್ಲಿರುವ ಒಂದೇ ಪಂಪು. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ಅಮ್ಮ ಒಬ್ಬರೇ. ನನಗೆ ಕೆಲಸ ಮಂಗಳೂರಿನಲ್ಲಿ.

ಪಂಪು ಹಾಕಲು ಅಮ್ಮ ಮಳೆಯಲ್ಲಿ ಪಾಚಿ ಹಿಡಿದ ಮೆಟ್ಟಿಲು ಇಳಿದು ಹೋಗಬಾರದು ಎಂಬುದೇ ಇದನ್ನೆಲ್ಲ ಹಾಕಿಸಿದ್ದಕ್ಕೆ ಮುಖ್ಯ ಕಾರಣ. ಫೋನಿನಿಂದ ಪಂಪು ಆನ್ ಮಾಡುವ ಕಂಟ್ರೋಲರ್, ಅಂಗಳಕ್ಕೆ ಒಂದು ಕ್ಯಾಮೆರಾ, ಗೇಟಿಗೆ ಒಂದು ಕ್ಯಾಮೆರಾ, ರಾತ್ರಿ ತಾನಾಗಿ ಉರಿಯುವ ಬಲ್ಬುಗಳು, ಬಾಗಿಲಿಗೂ ಟಾಂಕಿಗೂ ಬ್ಯಾಟರಿಯಲ್ಲಿ ನಡೆಯುವ, ಜಿಗ್ಬೀ ಎಂಬ ಬೇರೆ ವೈರ್‌ಲೆಸ್ ಪದ್ಧತಿಯ ಸೆನ್ಸರ್‌ಗಳು. ಪೇಟೆಯ ಒಂದು ಅಂಗಡಿಯವರೇ ಬಂದು ಎಲ್ಲ ಜೋಡಿಸಿ ಹೋದರು. ಮೊದಲ ಕೆಲವು ದಿನ ಚೆನ್ನಾಗಿಯೇ ಇತ್ತು.

ಆಮೇಲೆ ಶುರುವಾಯಿತು. ಪಂಪು ಒಮ್ಮೆ ಆನ್ ಆದರೆ ಇನ್ನೊಮ್ಮೆ ಇಲ್ಲ. ಅದಕ್ಕಿಂತ ಕಷ್ಟ, ಆನ್ ಆದದ್ದು ಆಫ್ ಆಗುತ್ತಿರಲಿಲ್ಲ. ಕರೆಂಟು ಹೋಗಿ ಬಂದರೆ ಬಲ್ಬುಗಳು ಮಿಣುಕುತ್ತಾ ಕೂರುತ್ತಿದ್ದವು. ಜೂನ್‌ನಲ್ಲಿ ಮಳೆ ಹಿಡಿದ ಮೇಲಂತೂ ಕ್ಯಾಮೆರಾ ಗಂಟೆಗಟ್ಟಲೆ ಕತ್ತಲೆ. ರಾತ್ರಿ ಹನ್ನೊಂದಕ್ಕೆ ಮಂಗಳೂರಿನಲ್ಲಿ ಕೂತು, ಗಾಳಿ ಮಳೆ ಜೋರಿರುವಾಗ ಮನೆಯ ಕ್ಯಾಮೆರಾ ತೆರೆಯದಿದ್ದರೆ ಏನು ಅನ್ನಿಸುತ್ತದೆ ಎಂದು ಊರಲ್ಲಿ ತಂದೆ ತಾಯಿ ಇರುವವರಿಗೆ ಗೊತ್ತು. ಅಮ್ಮನಿಗೆ ಫೋನು ಮಾಡಿದರೆ ‘ಎಂತ ಇಲ್ಲ ಮಗಾ, ನೀನು ಮಲಗು’ ಎನ್ನುತ್ತಿದ್ದರು. ಮರುದಿನ ತಾವೇ ಕೊಡೆ ಹಿಡಿದು ಕೆರೆಗೆ ಇಳಿದದ್ದು ಗೊತ್ತಾಗುತ್ತಿತ್ತು.

ಅಂಗಡಿಯವರನ್ನು ಕೇಳಿದಾಗ ಮನೆ ತುಂಬ ಒಂದೇ ವೈಫೈ ಹರಡುವ ಮೆಶ್ ರೂಟರ್ ಹಾಕಬೇಕು ಎಂದರು. ಮೂರು ಪೆಟ್ಟಿಗೆಯ ಸೆಟ್ಟು, ಜೋಡಿಸುವ ಕೂಲಿ ಸೇರಿ 24 ಸಾವಿರದ ಅಂದಾಜು. ಮೆಶ್ ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ತೊಂದರೆ ಎಲ್ಲಿ ಉಂಟು ಎಂದು ಅವರು ನೋಡಿಯೇ ಇರಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಹಾಗಾಗಿ ರಜೆ ಹಾಕಿ ಊರಿಗೆ ಹೋಗಿ ಕೂತೆ. ಮೊದಲು ಮಾಡಿದ್ದು ವೈಫೈಯನ್ನು ಪಕ್ಕಕ್ಕೆ ಇಟ್ಟದ್ದು. ಲ್ಯಾಪ್‌ಟಾಪಿನಿಂದ ಫೈಬರ್ ಬಾಕ್ಸಿಗೆ, ಅಂದರೆ ಹೊರಗಿನ ಇಂಟರ್‌ನೆಟ್ ಲೈನು ಬಂದು ಸೇರುವ ಪೆಟ್ಟಿಗೆಗೆ, ನೇರ ಲ್ಯಾನ್ ಕೇಬಲ್ ಹಾಕಿ ಪರದೆಯ ಎರಡು ವಿಂಡೋಗಳಲ್ಲಿ ಪಿಂಗ್ (ಉತ್ತರ ಬರುತ್ತದೆಯೇ ಎಂದು ಮತ್ತೆ ಮತ್ತೆ ಕೇಳುವ ಪರೀಕ್ಷೆ) ಓಡಿಸಿಟ್ಟೆ. ಒಂದು ಮನೆಯ ಬಾಕ್ಸಿಗೆ, ಅಂದರೆ 192.168.1.1ಕ್ಕೆ. ಇನ್ನೊಂದು ಹೊರಗಿನ 8.8.8.8ಕ್ಕೆ, ಅದು ಗೂಗಲಿನ ಸರ್ವರ್. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಇಡೀ ಕಥೆಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಕೇಬಲ್ಲಿನಲ್ಲಿ ಬಾಕ್ಸಿಗೆ ಉತ್ತರ ಬರುತ್ತಾ ಇದ್ದು ಹೊರಗಿನದ್ದು ಮಾತ್ರ ನಿಂತರೆ ತೊಂದರೆ ಹೊರಗಿನ ಲೈನಿನದ್ದು. ಕೇಬಲ್ಲಿನಲ್ಲಿ ಎರಡೂ ಸರಿ ಇದ್ದು ಫೋನಿನಲ್ಲಿ ಮಾತ್ರ ಇಲ್ಲ ಎಂದಾದರೆ ಆಗ ವೈಫೈಯನ್ನು ನೋಡಬೇಕು.

ಸಂಜೆ ಮಳೆ ಬಂತು. ಬಾಕ್ಸಿನ ಪಿಂಗ್ ಒಂದೂ ತಪ್ಪಲಿಲ್ಲ. ಹೊರಗಿನದ್ದು ನಿಂತು ನಿಂತು ಬಂತು, ಕೊನೆಗೆ ಪೂರ್ತಿ ಹೋಯಿತು. ಬಾಕ್ಸಿನಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿನುಗಿತು. ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ಬಾಕ್ಸಿನ ಪುಟಕ್ಕೆ ಲಾಗಿನ್ ಆಗಿ ನೋಡಿದರೆ ಒಳಗೆ ಬರುವ ಬೆಳಕಿನ ಪ್ರಮಾಣ ಅಲ್ಲೇ ತೋರಿಸುತ್ತದೆ, ಆರ್‌ಎಕ್ಸ್ ಪವರ್ ಎಂಬ ಹೆಸರಿನಲ್ಲಿ. ಅದು ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಅಂಕಿಯಾಗಿ ಇರುತ್ತದೆ, ಸೊನ್ನೆಯಿಂದ ದೂರ ಹೋದಷ್ಟು ಬೆಳಕು ಕಡಿಮೆ. ನಮ್ಮದು ಬಿಸಿಲಿಗೆ ಮೈನಸ್ 26ರ ಆಸುಪಾಸು, ಮಳೆಗೆ ಮೈನಸ್ 28ಕ್ಕಿಂತ ಕೆಳಗೆ. ಮನೆಗಳಿಗೆ ಕೊಡುವ ಸಾಮಾನ್ಯ ಫೈಬರ್ ಬಾಕ್ಸುಗಳ (ಜಿಪಾನ್) ಮಿತಿಯೇ ಮೈನಸ್ 27 ಡಿಬಿಎಂ. 3 ಡಿಬಿ ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿದಂತೆ. ಅಂದರೆ ನಮ್ಮ ಲೈನು ಬಿಸಿಲಿನ ದಿನವೂ ಅಂಚಿನಲ್ಲೇ ನಿಂತಿತ್ತು.

ಇನ್ನು ಕಂಪ್ಲೇಂಟಿನ ಕಥೆ. ಇಂಟರ್‌ನೆಟ್ ಕಂಪನಿಗೆ ಫೋನು ಮಾಡಿದರೆ ಮಲಯಾಳಂ, ಹಿಂದಿ, ಇಂಗ್ಲಿಷ್ ಉಂಟು, ಕನ್ನಡ ಇಲ್ಲ. ಅಮ್ಮನಿಗೆ ಮಲಯಾಳಂ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವರು ಕಳಿಸುವ ಮೆಸೇಜು ಮಲಯಾಳಂ ಅಕ್ಷರದಲ್ಲಿ. ಗಡಿಯ ಈ ಊರುಗಳಲ್ಲಿ ಇಷ್ಟೊಂದು ಕನ್ನಡದವರು ಇರುವಾಗ ಒಂದು ಗುಂಡಿ ಒತ್ತಿದರೆ ಕನ್ನಡ ಸಿಗುವ ಹಾಗೆ ಮಾಡುವುದು ದೊಡ್ಡ ಕೆಲಸ ಅಲ್ಲ ಅಲ್ವಾ? ಅದು ನನಗೆ ಈಗಲೂ ಬೇಸರ.

ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇತ್ತು. ಕನೆಕ್ಷನ್ ಅಪ್ಪನ ಹೆಸರಿನಲ್ಲಿ. ಕಂಪ್ಲೇಂಟು ದಾಖಲಾಗಲು ಒಟಿಪಿ ಬೇಕು, ಅದು ಹೋಗುವುದು ಅಪ್ಪನ ಹಳೆಯ ನಂಬರಿಗೆ, ಆ ಸಿಮ್ ಬಂದ್ ಆಗಿ ಎಷ್ಟೋ ಕಾಲವಾಗಿದೆ. ಹೆಸರು ಬದಲಾಯಿಸದೆ ಆಗುವುದಿಲ್ಲ ಎಂದರು. ಅದಕ್ಕೆ ಪಂಚಾಯತಿನ ಮರಣ ಪ್ರಮಾಣಪತ್ರ, ಅಮ್ಮನ ಆಧಾರ್, ಮನೆಯ ವಿಳಾಸದ ದಾಖಲೆ, ಒಂದು ಫೋಟೋ, ಬೇರೆ ಯಾರ ತಕರಾರೂ ಇಲ್ಲ ಎಂದು ನನ್ನ ಸಹಿಯ ಒಂದು ಕಾಗದ. ವಿಳಾಸಕ್ಕೆ ಕರೆಂಟು ಬಿಲ್ಲು ಕೊಡೋಣ ಎಂದರೆ ಅದೂ ಅಪ್ಪನ ಹೆಸರಿನಲ್ಲೇ ಇತ್ತು. ಕೊನೆಗೆ ಅಮ್ಮನ ಹೆಸರಿರುವ ರೇಷನ್ ಕಾರ್ಡು ನಡೆಯಿತು. ಮೂಲ ಪ್ರತಿಗಳನ್ನೂ ಕೈಯಲ್ಲಿ ಇಟ್ಟುಕೊಂಡು ಹೋಗಿ, ಬರೇ ಜೆರಾಕ್ಸ್ ತೋರಿಸಿದರೆ ವಾಪಸು ಕಳಿಸುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಬ್ಯಾಂಕಿನ ಕೆಲಸದ ಜೊತೆಗೆ ಇಂಟರ್‌ನೆಟ್ ಕನೆಕ್ಷನ್ನಿನ ಹೆಸರನ್ನೂ ಬದಲಾಯಿಸಿಡಿ. ಅಪ್ಪನ ಪ್ರಮಾಣಪತ್ರವನ್ನು ಪ್ರತಿ ಕೌಂಟರಿನಲ್ಲೂ ತೆಗೆದು ತೋರಿಸುವುದು ಸುಲಭದ ಕೆಲಸ ಅಲ್ಲ.

ಹೆಸರು ಬದಲಾದ ಮೇಲೆ ಕಂಪ್ಲೇಂಟು ದಾಖಲಾಯಿತು. ಮರುದಿನವೇ ‘ನಿಮ್ಮ ದೂರು ಪರಿಹಾರವಾಗಿದೆ’ ಎಂದು ಮೆಸೇಜು ಬಂತು. ಯಾರೂ ಬಂದಿರಲಿಲ್ಲ. ಅವರು ದೂರದಿಂದ ಬಾಕ್ಸನ್ನು ನೋಡಿದಾಗ ಬಿಸಿಲಿತ್ತು, ಲೈನು ಬರುತ್ತಿತ್ತು. ಪುನಃ ದೂರು ಕೊಟ್ಟೆ. ಈ ಸಲ ಬಿಸಿಲಿನ ಮತ್ತು ಮಳೆಯ ಆರ್‌ಎಕ್ಸ್ ಪವರ್ ಪುಟದ ಫೋಟೋಗಳನ್ನು, ಗಂಟೆ ಕಾಣುವ ಹಾಗೆ, ಡಾಕೆಟ್ ನಂಬರಿನ (ದೂರಿನ ನಂಬರಿನ) ಜೊತೆ ಕಳಿಸಿದೆ. ಆಗ ಮಾತಿನ ಧಾಟಿಯೇ ಬದಲಾಯಿತು. ‘ನೆಟ್ ಸ್ಲೋ’ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂಕಿ ಕೊಟ್ಟರೆ ಕೇಳುತ್ತಾರೆ.

ಆದರೂ ಕಾಯುವುದು ತಪ್ಪಲಿಲ್ಲ. ಮಳೆಯಲ್ಲಿ ಎಲ್ಲ ಕಡೆ ಲೈನು ಕಡಿದು ಹುಡುಗರಿಗೆ ಪುರುಸೊತ್ತು ಇರಲಿಲ್ಲ, ಅದೂ ನಿಜವೇ. ಕೊನೆಗೆ ಬಂದ ಹುಡುಗ ತುಂಬ ಒಳ್ಳೆಯವನು. ಅಮ್ಮನ ಹತ್ತಿರ ತುಳುವಿನಲ್ಲಿ ಮಾತಾಡಿ, ಚಹಾ ಕುಡಿದು, ಕಂಬ ಹತ್ತಿ ಜಾಯಿಂಟ್ ಪೆಟ್ಟಿಗೆ ಬಿಚ್ಚಿದ. ‘ಉಳಾಯಿ ಪೂರಾ ನೀರ್’ (ಒಳಗೆ ಪೂರ್ತಿ ನೀರು) ಎಂದ. ಇನ್ನೂ ಕೆಳಗೆ, ತೋಟದ ಬದಿಯಲ್ಲಿ, ಒಂದು ತೆಂಗಿನ ಮಡಲು ಕೇಬಲಿನ ಮೇಲೆ ಬಿದ್ದು ಅದನ್ನು ಚೂಪಾಗಿ ಮಡಚಿತ್ತು. ಮಡಲು ಒದ್ದೆಯಾದಾಗ ಭಾರ ಜಾಸ್ತಿ, ಮಡಿಕೆ ಜಾಸ್ತಿ, ಬೆಳಕು ಕಡಿಮೆ. ಫೈಬರಿನ ಒಳಗೆ ಗಾಜಿನ ಎಳೆ ಇರುವುದರಿಂದ ಚೂಪಾಗಿ ಬಾಗಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಅವನು ಹೊಸದಾಗಿ ಸ್ಪ್ಲೈಸ್ ಮಾಡಿ (ಗಾಜಿನ ಎಳೆಗಳನ್ನು ಬೆಸೆದು), ಪೆಟ್ಟಿಗೆ ಬದಲಾಯಿಸಿ, ಕೇಬಲನ್ನು ಎತ್ತರಿಸಿ ಕಟ್ಟಿದ. ಆರ್‌ಎಕ್ಸ್ ಪವರ್ ಮೈನಸ್ 20ಕ್ಕೆ ಬಂತು. ಅವನು ಹೊರಡುವ ಮೊದಲು ಆ ಅಂಕಿಯನ್ನು ನೀವೇ ನೋಡಿ ಬರೆದಿಟ್ಟುಕೊಳ್ಳಿ. ಮುಂದೆ ಕೆಟ್ಟರೆ ಹೋಲಿಸಲು ಬೇಕಾಗುತ್ತದೆ.

ಮಳೆಯಲ್ಲೂ ಹೊರಗಿನ ಪಿಂಗ್ ನಿಲ್ಲಲಿಲ್ಲ. ನನಗೆ ಎಷ್ಟು ಸಮಾಧಾನ ಆಯಿತು ಎಂದರೆ ಅಮ್ಮನಿಗೆ ಎಲ್ಲ ಮುಗಿಯಿತು ಎಂದು ಹೇಳಿಯೂ ಬಿಟ್ಟೆ. ಮರುದಿನ ಬೆಳಿಗ್ಗೆ ಪಂಪು ಆಫ್‌ಲೈನ್. ಬಲ್ಬು ಎರಡು ಆಫ್‌ಲೈನ್.

ಈಗ ವೈಫೈಯ ಸರದಿ. ಫೋನಿಗೆ ಒಂದು ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಇಡೀ ಮನೆ, ಅಂಗಳ, ತೋಟ ನಡೆದೆ. ಸಿಗ್ನಲನ್ನು ಇದರಲ್ಲೂ ಮೈನಸ್ ಅಂಕಿಯಲ್ಲೇ ತೋರಿಸುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು. ರೂಟರ್ ಇದ್ದ ಕೋಣೆಯಲ್ಲಿ ಮೈನಸ್ 40. ಅಡುಗೆಮನೆಯಲ್ಲಿ ಮೈನಸ್ 71. ಗೇಟಿನಲ್ಲಿ ಮೈನಸ್ 83. ಕೆರೆಯ ಹತ್ತಿರ ಏನೂ ಇಲ್ಲ. ಮೈನಸ್ 67ರ ತನಕ ವೀಡಿಯೊ ಸರಾಗ ಓಡುತ್ತದೆ, ಬಲ್ಬಿನಂಥದ್ದು ಎಪ್ಪತ್ತು ಚಿಲ್ಲರೆಯಲ್ಲೂ ಹೇಗೋ ನಡೆಯುತ್ತದೆ, ಎಂಬತ್ತು ದಾಟಿದರೆ ಹಿಡಿದು ಬಿಟ್ಟು ಮಾಡುತ್ತದೆ. 10 ಡಿಬಿ ವ್ಯತ್ಯಾಸ ಅಂದರೆ ಹತ್ತು ಪಟ್ಟು ಎಂದು ನೆನಪಿಡಿ.

ಮಳೆ ಹನಿಯೇ ವೈಫೈಯನ್ನು ತಡೆಯುತ್ತದೆ ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಮನೆ, ಅಂಗಳದಷ್ಟು ದೂರಕ್ಕೆ ಹಾಗೇನೂ ಆಗುವುದಿಲ್ಲ. ಆದರೆ ಒದ್ದೆಯಾದ ಎಲೆ ಮತ್ತು ನೀರು ಕುಡಿದ ಗೋಡೆ ನಿಜವಾಗಿಯೂ ಸಿಗ್ನಲನ್ನು ನುಂಗುತ್ತವೆ. ಮುರಕಲ್ಲು ಸಣ್ಣ ತೂತುಗಳಿರುವ ಕಲ್ಲು, ಹೊರಗೋಡೆಗೆ ಸಾರಣೆ ಇಲ್ಲದಿದ್ದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಚೆನ್ನಾಗಿ ನೀರು ಹಿಡಿಯುತ್ತದೆ. ಗೇಟಿನ ಅಂಕಿ ಬಿಸಿಲಿಗೂ ಮಳೆಗೂ ಬೇರೆಯಾದದ್ದು ಅದಕ್ಕೇ.

ಅಂಗಡಿಯವರು ರೂಟರನ್ನು ಫೈಬರ್ ಒಳಗೆ ಬರುವ ಮೂಲೆಯ ಕೋಣೆಯಲ್ಲೇ ಇಟ್ಟಿದ್ದರು, ಕಬ್ಬಿಣದ ಕಪಾಟಿನ ಹಿಂದೆ. ನಾನು ಫೈಬರ್ ಬಾಕ್ಸನ್ನು ಅಲ್ಲೇ ಬಿಟ್ಟು, ಅಲ್ಲಿಂದ ಒಂದು ಕ್ಯಾಟ್ 6 ಕೇಬಲ್ ಎಳೆಸಿ ರೂಟರನ್ನು ಚಾವಡಿಯ ನಡುವೆ, ಆಳೆತ್ತರದಲ್ಲಿ ಹಾಕಿಸಿದೆ. ಕೇಬಲು, ಪೈಪು, ಕೂಲಿ ಸೇರಿ 1,200 ರೂಪಾಯಿ. ಅಡುಗೆಮನೆ ಮೈನಸ್ 58ಕ್ಕೆ ಬಂತು. ಅಂಗಳದ ಕ್ಯಾಮೆರಾದ ಚಿತ್ರ ಅಂದಿನಿಂದ ಒಡೆದಿಲ್ಲ.

ಆಮೇಲೆ ಕಂಡದ್ದು, ಅನಲೈಸರಿನಲ್ಲಿ ನಮ್ಮ ಮನೆಯದ್ದೇ ಎರಡು ವೈಫೈ ಕಾಣುತ್ತಿತ್ತು. ಫೈಬರ್ ಬಾಕ್ಸಿಗೂ ತನ್ನದೇ ವೈಫೈ ಉಂಟು, ಅದು ಬಂದ್ ಆಗಿರಲಿಲ್ಲ. ಅಕ್ಕಪಕ್ಕ ಮನೆಯೇ ಇಲ್ಲದ ಜಾಗದಲ್ಲಿ ನಮ್ಮ ಎರಡು ಪೆಟ್ಟಿಗೆಗಳೇ ಒಂದೇ ಚಾನೆಲ್ಲಿನಲ್ಲಿ (ವೈಫೈ ಓಡುವ ತರಂಗದ ಪಟ್ಟಿಯಲ್ಲಿ) ಒಂದಕ್ಕೊಂದು ಅಡ್ಡ ಬರುತ್ತಿದ್ದವು. ಸಾಲದ್ದಕ್ಕೆ ಎರಡೂ ಬೇರೆ ಬೇರೆ ನೆಟ್‌ವರ್ಕ್ ಮಾಡಿ ತಮ್ಮ ತಮ್ಮ ಐಪಿ (ಪ್ರತಿ ಸಾಧನದ ವಿಳಾಸದ ನಂಬರು) ಹಂಚುತ್ತಿದ್ದವು. ಅಮ್ಮನ ಫೋನು ಒಂದರಲ್ಲಿ, ಬಲ್ಬು ಇನ್ನೊಂದರಲ್ಲಿ. ಒಂದೇ ಮನೆಯೊಳಗೆ ಇದ್ದೂ ಅವು ಒಂದನ್ನೊಂದು ಹುಡುಕಲು ಆಗುತ್ತಿರಲಿಲ್ಲ.

ಇದಕ್ಕೆ ಎಲ್ಲರೂ ಹೇಳುವ ದಾರಿ ಫೈಬರ್ ಬಾಕ್ಸನ್ನು ಬ್ರಿಡ್ಜ್ ಮೋಡಿಗೆ, ಅಂದರೆ ಅದು ತಾನು ಐಪಿ ಹಂಚದೆ ಲೈನನ್ನು ರೂಟರಿಗೆ ದಾಟಿಸುವ ಹಾಗೆ, ಹಾಕುವುದು. ಅದಕ್ಕೆ ಕಂಪನಿಯವರು ಪಾಸ್‌ವರ್ಡ್ ಕೊಡಬೇಕು, ನಮಗೆ ಕೊಡಲಿಲ್ಲ. ಅದರ ಅಗತ್ಯವೂ ಬರಲಿಲ್ಲ. ಫೈಬರ್ ಬಾಕ್ಸಿನ ವೈಫೈ ಆಫ್ ಮಾಡಿ, ನನ್ನ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದೆ. ಈಗ ಐಪಿ ಹಂಚುವುದು ಬಾಕ್ಸ್ ಒಂದೇ, ವೈಫೈ ಕೊಡುವುದು ರೂಟರ್ ಒಂದೇ. ಮನೆಯ ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ.

ರೂಟರಿನ ಸೆಟ್ಟಿಂಗ್ಸ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಮ್ಮ ರೂಟರ್ ವೈಫೈ ಕೊಡುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ. ಸ್ಮಾರ್ಟ್ ಬಲ್ಬು, ಪ್ಲಗ್ಗು, ಪಂಪ್ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ ಆದರೂ ದಪ್ಪ ಗೋಡೆಯನ್ನು ಅಷ್ಟು ಚೆನ್ನಾಗಿ ದಾಟುವುದಿಲ್ಲ. ನಮ್ಮ ರೂಟರಿನಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟು, ಯಾವುದಕ್ಕೆ ಸೇರಬೇಕು ಎಂದು ರೂಟರೇ ತಳ್ಳುವ ಸೌಲಭ್ಯ ಆನ್ ಇತ್ತು. ಫೋನುಗಳಿಗೆ ಅದು ಸರಿ, ಬಲ್ಬುಗಳಿಗೆ ಗೊಂದಲ. ಎರಡನ್ನೂ ಬೇರೆ ಮಾಡಿದೆ. ಇಲ್ಲಿ ಒಂದು ಉಪಾಯ ಉಂಟು. ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನು 2.4ಕ್ಕೇ ಉಳಿಸಿ, 5ಕ್ಕೆ ಹೊಸ ಹೆಸರು ಕೊಡಿ. ಆಗ ಒಂದೊಂದೇ ಬಲ್ಬನ್ನು ಪುನಃ ಸೇರಿಸುವ ಕೆಲಸ ಬರುವುದಿಲ್ಲ, ಫೋನುಗಳನ್ನು ಮಾತ್ರ ಬದಲಾಯಿಸಿದರೆ ಸಾಕು.

ಸೆಕ್ಯುರಿಟಿ, ಅಂದರೆ ವೈಫೈಗೆ ಬೀಗ ಹಾಕುವ ಪದ್ಧತಿ, ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಮಿಶ್ರ ಎಂದಿತ್ತು. ಕೆಲವು ಅಗ್ಗದ ಸಾಧನಗಳಿಗೆ ಈ ಮಿಶ್ರ ಆಗಿಬರುವುದಿಲ್ಲ. 2.4ಕ್ಕೆ ಬರೇ ಡಬ್ಲ್ಯುಪಿಎ2 ಮಾಡಿದೆ, ಪಾಸ್‌ವರ್ಡ್ ಮಾತ್ರ ಉದ್ದದ್ದು ಇಡಿ. ಚಾನೆಲ್ ಅಗಲ 40 ಇದ್ದದ್ದನ್ನು 20 ಮೆಗಾಹರ್ಟ್ಸ್ ಮಾಡಿದೆ. ಚಾನೆಲನ್ನು ಆಟೋದಿಂದ ತೆಗೆದು 1ಕ್ಕೆ ಕಟ್ಟಿಹಾಕಿದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಪೇಟೆಯಲ್ಲಿರುವವರು ಅಕ್ಕಪಕ್ಕದ ಮನೆಯವರದ್ದು ನೋಡಿ ಖಾಲಿ ಇರುವುದನ್ನು ಆರಿಸಿ. ಪಂಪು, ಕ್ಯಾಮೆರಾಗಳಿಗೆ ಫೈಬರ್ ಬಾಕ್ಸಿನ ಪುಟದಲ್ಲಿ ಸ್ಥಿರ ಐಪಿ ಕೊಟ್ಟೆ. ಯಾವುದಾದರೂ ಹೋದರೆ ನೇರ ಅದಕ್ಕೇ ಪಿಂಗ್ ಮಾಡಿ ನೋಡಬಹುದು. ಒಂದು ಸೆಟ್ಟಿಂಗ್ ಬದಲಾಯಿಸಿದ ಮೇಲೆ ಒಂದು ದಿನವಾದರೂ ಬಿಟ್ಟು ನೋಡಿ. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಜಿಗ್ಬೀ ಸೆನ್ಸರ್‌ಗಳ ರೋಗ ಬೇರೆಯೇ. ಜಿಗ್ಬೀ ವೈಫೈ ಅಲ್ಲ, ಆದರೆ ಅದೂ 2.4 ಗಿಗಾಹರ್ಟ್ಸಿನಲ್ಲೇ ಓಡುವುದು, 11ರಿಂದ 26ರ ತನಕ ಅದರದ್ದೇ ಚಾನೆಲ್‌ಗಳು. ಸೆನ್ಸರ್‌ಗಳನ್ನು ಒಟ್ಟುಸೇರಿಸುವ ನಮ್ಮ ಹಬ್ 11ರಲ್ಲಿತ್ತು, ಅದು ವೈಫೈಯ 1ರ ಜಾಗದಲ್ಲೇ ಬೀಳುತ್ತದೆ. ನಂಬರ್ ಬೇರೆ ಎಂದು ನಂಬಬೇಡಿ, ಜಾಗ ಒಂದೇ. ಹಬ್ಬನ್ನು 25ಕ್ಕೆ ಸರಿಸಿದೆ. 26 ಇನ್ನೂ ದೂರ ಆದರೂ ಕೆಲವು ಸಾಧನಗಳು ಅದರಲ್ಲಿ ಕಡಿಮೆ ಶಕ್ತಿಯಲ್ಲಿ ಕಳಿಸುತ್ತವೆ. ಚಾನೆಲ್ ಬದಲಾದಾಗ ಟಾಂಕಿಯ ಸೆನ್ಸರ್ ತಾನಾಗಿ ಬರಲಿಲ್ಲ. ಏಣಿ ಇಟ್ಟು ಟಾಂಕಿ ಹತ್ತಿ ಅದನ್ನು ಪುನಃ ಸೇರಿಸಬೇಕಾಯಿತು, ಆದ್ದರಿಂದ ಈ ಕೆಲಸವನ್ನು ಬಿಸಿಲಿನ ದಿನ ಮಾಡಿ. ಹಬ್ಬಿನ ಪಕ್ಕದಲ್ಲೇ ಕ್ಯಾಮೆರಾ ರೆಕಾರ್ಡಿಂಗಿನ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಇತ್ತು. ಯುಎಸ್‌ಬಿ 3 ಕೇಬಲುಗಳಿಂದ 2.4 ಗಿಗಾಹರ್ಟ್ಸಿನಲ್ಲಿ ಗಲಾಟೆ ಏಳುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ಹೇಳಿತ್ತು. ಡಿಸ್ಕನ್ನು ದೂರ ಸರಿಸಿದ ದಿನದಿಂದ ಬಾಗಿಲಿನ ಸೆನ್ಸರ್ ಒಮ್ಮೆಯೂ ತಪ್ಪಿಲ್ಲ.

ಕರೆಂಟು ಹೋಗಿ ಬಂದಾಗಿನ ತೊಂದರೆಗೆ ಕಾರಣ ಸರಳ. ಇನ್ವರ್ಟರ್ ಇದ್ದರೂ ಅದು ಬದಲಾಗುವ ಕ್ಷಣದಲ್ಲಿ ಫೈಬರ್ ಬಾಕ್ಸ್ ರೀಸ್ಟಾರ್ಟ್ ಆಗುತ್ತಿತ್ತು. ಬಾಕ್ಸ್ ಎದ್ದು ಕೂರಲು ಒಂದೆರಡು ನಿಮಿಷ ಬೇಕು, ಬಲ್ಬುಗಳು ಕೆಲವೇ ಸೆಕೆಂಡಿನಲ್ಲಿ ಏಳುತ್ತವೆ. ಅವು ಹುಡುಕಿ ಹುಡುಕಿ ಬಿಟ್ಟುಬಿಡುತ್ತವೆ. ಬಾಕ್ಸಿಗೂ ರೂಟರಿಗೂ ಸೇರಿ ಒಂದು 12 ವೋಲ್ಟಿನ ಚಿಕ್ಕ ಯುಪಿಎಸ್ ತಂದೆ, 1,500 ರೂಪಾಯಿ. ಕೊಳ್ಳುವ ಮೊದಲು ಎರಡರ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ, ಎರಡರ ಆಂಪಿಯರ್ ಕೂಡಿಸಿ, ಅದಕ್ಕಿಂತ ಜಾಸ್ತಿಯದ್ದು ತೆಗೆದುಕೊಳ್ಳಿ. ಕೆಲವು ರೂಟರ್ 9 ವೋಲ್ಟಿನವು ಇರುತ್ತವೆ, ಅದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು.

ಉಳಿದದ್ದು ಪಂಪು, ಅದೇ ಎಲ್ಲಕ್ಕಿಂತ ಮುಖ್ಯ. ಅಂಗಡಿಯವರು ಮನೆಯ ಹಿಂದಿನ ಗೋಡೆಗೆ ಒಂದು ರಿಪೀಟರ್ ಇಟ್ಟು ಕೆರೆಯ ತನಕ ಸಿಗ್ನಲ್ ತಲುಪಿಸಲು ನೋಡಿದ್ದರು. ಬೇಸಿಗೆಯಲ್ಲಿ ಅದು ಆಗೊಮ್ಮೆ ಈಗೊಮ್ಮೆ ತಲುಪುತ್ತಿತ್ತು, ಮಳೆಗಾಲದಲ್ಲಿ ಇಲ್ಲವೇ ಇಲ್ಲ. ಇನ್ನೊಂದು ವಿಷಯ ಎಲೆಕ್ಟ್ರಿಷಿಯನ್ ಬಂದು ಸ್ಟಾರ್ಟರ್ ಪೆಟ್ಟಿಗೆ ತೆರೆದಾಗ ಕಂಡಿತು. ವೈಫೈ ಕಂಟ್ರೋಲರನ್ನು ಕಬ್ಬಿಣದ ಪ್ಯಾನಲ್ ಪೆಟ್ಟಿಗೆಯ ಒಳಗೇ ಕೂರಿಸಿದ್ದರು. ಬಾಗಿಲು ಮುಚ್ಚಿದರೆ ಸಿಗ್ನಲ್ ಒಳಗೆ ಹೋಗುವುದಾದರೂ ಹೇಗೆ? ಪಕ್ಕದಲ್ಲಿ ನೀರು ಹೋಗದ ಪ್ಲಾಸ್ಟಿಕ್ ಪೆಟ್ಟಿಗೆ ಹಾಕಿ ಅದಕ್ಕೆ ಸ್ಥಳಾಂತರಿಸಿದರು. ಇದನ್ನು ನೀವೇ ಮಾಡಲು ಹೋಗಬೇಡಿ, ಅದು ತ್ರೀ ಫೇಸ್, 415 ವೋಲ್ಟ್. ಕೂಲಿ ಮತ್ತು ಪೆಟ್ಟಿಗೆ 1,500 ರೂಪಾಯಿ.

ಕೆರೆಗೆ ನೆಟ್ ಒಯ್ಯುವುದಕ್ಕೆ ಮೂರು ದಾರಿ ಯೋಚಿಸಿದೆ. ಗಾಳಿಯಲ್ಲಿ ಕಳಿಸುವ ಹೊರಾಂಗಣ ಬ್ರಿಡ್ಜಿಗೆ ಎರಡೂ ತುದಿ ಒಂದಕ್ಕೊಂದು ಕಾಣಬೇಕು, ನಡುವೆ ಪೂರ್ತಿ ಅಡಿಕೆ ಸೋಗೆ. ಲ್ಯಾನ್ ಕೇಬಲಿಗೆ 100 ಮೀಟರ್ ಮಿತಿ, ಅಷ್ಟರೊಳಗೆ ಬರುತ್ತಿತ್ತು, ಆದರೆ ಅದು ತಾಮ್ರ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲು, ಪುನಃ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಹತ್ತಿರ ಎಲ್ಲಿ ಬಡಿದರೂ ಅಷ್ಟುದ್ದದ ತಾಮ್ರದ ತಂತಿ ಅದನ್ನು ಹಿಡಿದು ಮನೆಯೊಳಗಿನ ಪೆಟ್ಟಿಗೆಗೆ ತರುತ್ತದೆ. ಹಾಗಾಗಿ ಫೈಬರ್.

ಫೈಬರ್ ಡ್ರಾಪ್ ಕೇಬಲ್ (ಕಂಬದಿಂದ ಮನೆಗೆ ಎಳೆಯುವಂಥ ತೆಳು ಕೇಬಲ್), ಎರಡು ತುದಿಗೆ ಬೆಳಕನ್ನು ಲ್ಯಾನ್ ಸಿಗ್ನಲಾಗಿ, ಅದನ್ನು ಬೆಳಕಾಗಿ ಬದಲಾಯಿಸುವ ಎರಡು ಮೀಡಿಯಾ ಕನ್ವರ್ಟರ್. ಒಂದೇ ಎಳೆಯಲ್ಲಿ ಹೋಗಿ ಬರುವ ಕನ್ವರ್ಟರ್‌ಗಳು ಎ ಮತ್ತು ಬಿ ಎಂದು ಜೋಡಿಯಾಗಿಯೇ ಇರಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ಅದಕ್ಕೆ ತಿರುಗಾಮುರುಗಾ. ನಮಗೆ ಪಾರ್ಸೆಲಿನಲ್ಲಿ ಬಂದದ್ದು ಎರಡೂ ಎ. ದೀಪ ಹತ್ತಲೇ ಇಲ್ಲ. ವಾಪಸು ಕಳಿಸಿ ಸರಿಯಾದದ್ದು ಬರುವ ತನಕ ಪುನಃ ಕಾಯುವುದು, ಅಷ್ಟು ದಿನವೂ ಅಮ್ಮ ಕೆರೆಗೆ ಇಳಿಯುವುದು. ಪಾರ್ಸೆಲ್ ಬಂದ ಕೂಡಲೇ ಅಡಿಯ ಲೇಬಲ್ ಓದಿ ನೋಡಿ. ಡ್ರಾಪ್ ಕೇಬಲಿನಲ್ಲಿ ಎಳೆಯಲು ಅನುಕೂಲವಾಗಲೆಂದು ಉಕ್ಕಿನ ತಂತಿಯೂ ಇರುತ್ತದೆ. ಅದನ್ನು ಎರಡೂ ಕಟ್ಟಡಗಳಿಗೆ ಬರುವ ಮೊದಲೇ ಹೊರಗೆ ಕತ್ತರಿಸಿ ನಿಲ್ಲಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರಲಿ. ಇಲ್ಲದಿದ್ದರೆ ಫೈಬರ್ ಹಾಕಿದ್ದೇ ಸುಮ್ನೆ.

ಲೈನಿನ ಹುಡುಗನೇ ಒಂದು ಭಾನುವಾರ ಬಂದು ಸ್ಪ್ಲೈಸ್ ಮಾಡಿಕೊಟ್ಟ, ಅವನಿಗೆ 1,000 ರೂಪಾಯಿ ಕೊಟ್ಟೆ. ಕನ್ವರ್ಟರ್ ಜೋಡಿ 2,000, ಕೇಬಲ್ 1,300. ಪಂಪ್ ಶೆಡ್ಡಿನಲ್ಲಿ ವೈಫೈ ಕೊಡಲು ಅಟ್ಟದಲ್ಲಿದ್ದ ಹಳೆಯ ರೂಟರ್ ಸಾಕಾಯಿತು. ಅದರಲ್ಲಿ ಐಪಿ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಬೇರೆ ಐಪಿ ಕೊಟ್ಟು, ಕೇಬಲನ್ನು ವ್ಯಾನ್ (ಹೊರಗಿನ ಇಂಟರ್‌ನೆಟ್ಟಿನ) ತೂತಿಗೆ ಹಾಕದೆ ಲ್ಯಾನ್ ತೂತಿಗೆ ಹಾಕಿದರೆ ಆಯಿತು. ಒಟ್ಟು ಖರ್ಚು ಒಂಬತ್ತು ಸಾವಿರದ ಹತ್ತಿರ.

ಮುಗಿಯಿತು ಎಂದು ಈ ಸಲ ಬೇಗ ಹೇಳಲಿಲ್ಲ. ಪಿಂಗ್ ಓಡಿಸಿಟ್ಟು, ಜೋರು ಮಳೆ ಬರುವ ತನಕ ಕಾದೆ. ಮೈನ್ ಸ್ವಿಚ್ ತೆಗೆದು ಹಾಕಿ ನೋಡಿದೆ. ಪಂಪು ಓಡುವಾಗ ಮನೆಯ ನೆಟ್ ತೆಗೆದು, ಆ್ಯಪಿನ ಟೈಮರ್ ಪ್ರಕಾರ ಪಂಪು ತಾನಾಗಿ ನಿಲ್ಲುತ್ತದೆಯೇ ಎಂದು ನೋಡಿದೆ, ನಿಂತಿತು. ನಿಮ್ಮ ಕಂಟ್ರೋಲರ್ ಹಾಗೆ ನಿಲ್ಲಿಸುತ್ತದೆಯೇ ಎಂದು ಖಂಡಿತ ಪರೀಕ್ಷೆ ಮಾಡಿ, ಕೆಲವು ಟೈಮರ್‌ಗಳು ನೆಟ್ ಇದ್ದರೆ ಮಾತ್ರ ಕೆಲಸ ಮಾಡುತ್ತವೆ. ತುಲಾ ತಿಂಗಳ ಸಿಡಿಲೂ ಬಂದು ಹೋಯಿತು, ಕನ್ವರ್ಟರ್ ಎರಡೂ ಸರಿಯಾಗಿವೆ. ಅಮ್ಮನಿಗಾಗಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಬಾಕ್ಸಿನ ಪಕ್ಕ ಅಂಟಿಸಿದ್ದೇನೆ: ಯಾವ ದೀಪ ಹಸಿರು ಇರಬೇಕು, ಕೆಂಪಾದರೆ ಯಾರಿಗೆ ಫೋನು, ಗ್ರಾಹಕರ ನಂಬರ್ ಯಾವುದು, ಪಂಪನ್ನು ಕೈಯಲ್ಲಿ ನಿಲ್ಲಿಸುವುದು ಹೇಗೆ. ಈಗ ಅವರೇ ಬೆಳಿಗ್ಗೆ ಅಡುಗೆಮನೆಯಿಂದ ಪಂಪು ಹಾಕುತ್ತಾರೆ.

ಗೇಟಿನ ಕ್ಯಾಮೆರಾ ಮಾತ್ರ ಇನ್ನೂ ಮೈನಸ್ 76ರಲ್ಲಿ ಉಂಟು, ಜೋರು ಮಳೆಗೆ ಚಿತ್ರ ಸ್ವಲ್ಪ ನಿಂತು ಬರುತ್ತದೆ. ಡ್ರಾಪ್ ಕೇಬಲ್ ಇನ್ನೂ ಒಂದು ಸುತ್ತು ಉಳಿದಿದೆ. ಅಡಿಕೆ ಕೊಯ್ಲು ಮುಗಿದ ಮೇಲೆ ಅಲ್ಲಿಗೂ ಫೈಬರನ್ನೇ ಎಳೆಸುವುದು ಎಂದು ಲೈನಿನ ಹುಡುಗನ ಹತ್ತಿರ ಮಾತಾಡಿ ಇಟ್ಟಿದ್ದೇನೆ.